ಮಗ್ಗದ ಮನೆಯ ಪಾಠ

ವಿದ್ಯೆ ಎಂದೊಡನೆ ಶಾಲೆಯ ಕಟ್ಟಡ, ಕರಿಹಲಗೆ, ಗಂಟೆಯ ನಾದ ಇವೇ ನಮ್ಮ ಕಣ್ಣಮುಂದೆ ಬಂದು ನಿಲ್ಲುತ್ತವೆ. ಆದರೆ ಶಾಲೆಗಳು ಊರೂರಿಗೆ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಮನುಷ್ಯನು ಕಲಿಯುತ್ತಿದ್ದನು, ಕಲಿಸುತ್ತಿದ್ದನು. ಒಕ್ಕಲಿಗನ ಮಗ ಹೊಲದಲ್ಲಿ ಕಲಿತನು. ಕುಂಬಾರನ ಮಗ ತಿಗರಿಯ ಬಳಿ ಕಲಿತನು. ನೇಕಾರನ ಮಕ್ಕಳು ಮಗ್ಗದ ಪಕ್ಕದಲ್ಲಿ ಕಲಿತರು. ಅಲ್ಲಿ ತಂದೆತಾಯಿಗಳೇ ಗುರುಗಳು, ಮನೆಯೇ ಪಾಠಶಾಲೆ, ಕೆಲಸವೇ ಪಠ್ಯ. ಈ ಮನೆಯ ವಿದ್ಯೆ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಅದರ ಬೆಲೆಯೇನು, ಅದರ ಮಿತಿಯೇನು ಎಂಬುದನ್ನು ಅರಿಯಬೇಕಾದರೆ ಬಾಗಲಕೋಟೆ ಜಿಲ್ಲೆಯ ನೇಕಾರರ ಮನೆಗಳತ್ತ ಕಣ್ಣು ಹಾಯಿಸಬೇಕು.

ಬಾಗಲಕೋಟೆಗೆ ಸಮೀಪದಲ್ಲಿರುವ ಶಿರೂರು ಹಳೆಯ ದೇವಾಲಯಗಳುಳ್ಳ ಊರು. ಅದರ ಸುತ್ತಲಿನ ಸೀಮೆ ನೇಯ್ಗೆಗೆ ಹೆಸರಾದುದು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ, ಇಳಕಲ್ಲಿನಲ್ಲಿ ಸೀರೆ. ಕಮತಗಿ, ಸೂಳೇಭಾವಿ, ಅಮೀನಗಡ ಮೊದಲಾದ ಊರುಗಳಲ್ಲಿಯೂ ಮಗ್ಗದ ಸದ್ದು ತಲೆತಲಾಂತರದಿಂದ ಕೇಳಿಬಂದಿದೆ. ಇದು ಮಳೆ ಕಡಿಮೆಯಾದ ಬಯಲುಸೀಮೆ. ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಈ ನೆಲದಲ್ಲಿ ಹಿಂಗಾರಿನ ಜೋಳವೇ ಜನರ ಜೀವಾಳ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿದ ಜೋಳವು ಚಳಿಗಾಲದ ಇಬ್ಬನಿಯನ್ನು ಕುಡಿದು, ಎರೆಮಣ್ಣಿನ ಹಸಿಯನ್ನು ಹೀರಿ ತೆನೆ ಹಾಯುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಇಲ್ಲಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸಿನ ಆಸುಪಾಸಿಗೆ ಇಳಿಯುವುದುಂಟು. ಬೇಸಿಗೆಯ ಉರಿಬಿಸಿಲಿಗೆ ಒಗ್ಗಿದ ಮೈಗೆ ಈ ಚಳಿಯೂ ಸಣ್ಣದೇನಲ್ಲ.

ಇಂತಹ ಚಳಿಗಾಲದ ಒಂದು ದಿನ ಈ ಸೀಮೆಯ ನೇಕಾರರ ಮನೆಯೊಂದರಲ್ಲಿ ಹೇಗೆ ಕಳೆಯುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ಆಯಿ, ಅಪ್ಪ, ಅವ್ವ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು, ಅವಳ ಪುಟ್ಟ ತಮ್ಮ, ಹೀಗೆ ಐದು ಜನ. ಮುಂಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಮಗ್ಗ. ಅದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗವಾದ್ದರಿಂದ ಅದಕ್ಕೆ ಆ ಹೆಸರು. ನೇಯುವವರು ನೆಲದ ಮಟ್ಟದಲ್ಲಿಯೇ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತಾರೆ. ಒಂದು ಹಲಗೆಯನ್ನು ತುಳಿದಾಗ ಉದ್ದುದ್ದವಾಗಿ ಹಾಸಿದ ಎಳೆಗಳಲ್ಲಿ ಅರ್ಧ ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ. ನಡುವೆ ತೆರೆದ ದಾರಿಯಲ್ಲಿ ಲಾಳಿ ಅತ್ತಿಂದಿತ್ತ ಹಾಯುತ್ತದೆ. ಉದ್ದದ ಎಳೆಗಳು ಹಾಸು. ಲಾಳಿ ಅಡ್ಡಲಾಗಿ ಸೇರಿಸುವ ಎಳೆ ಹೊಕ್ಕು. ಹಾಸುಹೊಕ್ಕುಗಳ ಈ ಕೂಡುವಿಕೆಯಿಂದ ಬಟ್ಟೆ ಹುಟ್ಟುತ್ತದೆ.

ಮುಂಜಾನೆ ಎಲ್ಲರಿಗಿಂತ ಮೊದಲು ಏಳುವವಳು ಅವ್ವ. ಅಂಗಳ ಗುಡಿಸಿ, ಒಲೆ ಹೊತ್ತಿಸಿ, ಹಂಡೆಯಲ್ಲಿ ನೀರು ಕಾಯಲಿಟ್ಟು, ಅವಳು ರೊಟ್ಟಿ ಬಡಿಯಲು ಕೂಡುತ್ತಾಳೆ. ಚಳಿಗಾಲವಾದ್ದರಿಂದ ಒಂದೊಂದು ದಿನ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಚಳಿಯ ದಿನಗಳಲ್ಲಿ ಎಳ್ಳು, ಸಜ್ಜೆ, ಶೇಂಗಾ ಮೈಗೆ ಕಾವು ಕೊಡುತ್ತವೆ ಎಂಬುದು ಆಯಿ ಹೇಳುವ ಮಾತು. ಎಳ್ಳು ಶೇಂಗಾಗಳಲ್ಲಿ ಎಣ್ಣೆಯ ಅಂಶ ಹೆಚ್ಚು, ಅವು ದೇಹಕ್ಕೆ ಹೆಚ್ಚು ಶಕ್ತಿಯನ್ನು ಒದಗಿಸುತ್ತವೆ ಎಂದು ವಿಜ್ಞಾನದ ಪುಸ್ತಕವೂ ಹೇಳುತ್ತದೆ. ಆಯಿಗೆ ಪುಸ್ತಕ ಗೊತ್ತಿಲ್ಲ. ಆದರೆ ಪುಸ್ತಕದೊಳಗಿನ ಸಂಗತಿ ಗೊತ್ತು.

ಬಿಸಿಲೇರುವ ಮುನ್ನವೇ ಓಣಿಯಲ್ಲಿ ಹಾಸಿಗೆ ಗಂಜಿ ಕೊಡುವ ಕೆಲಸ ನಡೆಯುತ್ತದೆ. ಎಳೆಗಳನ್ನು ಉದ್ದಕ್ಕೂ ಬಿಗಿದು ಕಟ್ಟಿ, ಗಂಜಿಯನ್ನು ಸವರಿ, ಕುಂಚದಿಂದ ನೇವರಿಸುತ್ತ ಹೋಗುತ್ತಾರೆ. ನೆರೆಮನೆಯವರೂ ಬಂದು ಕೈಗೂಡಿಸುತ್ತಾರೆ. ಈ ಕೆಲಸಕ್ಕೆ ಚಳಿಗಾಲದ ಎಳೆಬಿಸಿಲು ಹದವಾದುದು. ಬಿಸಿಲು ಜೋರಾದರೆ ಗಂಜಿ ಬೇಗನೆ ಒಣಗಿ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಗಳು ಅಪ್ಪನ ಹಿಂದೆ ನಿಂತು ಗಂಜಿಯ ಹದವನ್ನು ನೋಡುತ್ತಾಳೆ. ಎಷ್ಟು ನೀರಿಗೆ ಎಷ್ಟು ಹಿಟ್ಟು ಎಂದು ಅಪ್ಪ ಅಳತೆ ಹೇಳುವುದಿಲ್ಲ. "ಕೈಯಾಗ ಹಿಡದು ನೋಡವ್ವಾ, ಬೆರಳು ಹೇಳತಾವ" ಎನ್ನುತ್ತಾನೆ. ಬೆರಳಿಗೆ ತಿಳಿಯುವಂತಹ ಈ ಪಾಠವನ್ನು ಯಾವ ಹಲಗೆಯ ಮೇಲೂ ಬರೆದು ತೋರಿಸಲಾಗದು.

ನೆಲದಲ್ಲಿ ಕುಣಿಯನ್ನೇಕೆ ತೋಡಬೇಕು? ಮಗ್ಗವನ್ನು ನೆಲದ ಮೇಲೆಯೇ ಏಕೆ ಕಟ್ಟಬಾರದು? ಪುಟ್ಟ ತಮ್ಮನು ಒಮ್ಮೆ ಹೀಗೆ ಕೇಳಿದನು. ಚಳಿಗಾಲದ ಒಣಹವೆಯಲ್ಲಿ ಹತ್ತಿಯ ನೂಲು ತನ್ನ ತೇವವನ್ನು ಕಳೆದುಕೊಂಡು ಬಿರುಸಾಗುತ್ತದೆ, ಪದೇ ಪದೇ ಹರಿಯುತ್ತದೆ. ಕುಣಿಯ ಮಣ್ಣಿನಲ್ಲಿರುವ ತಂಪು ಮೇಲಿನ ಎಳೆಗಳನ್ನು ತಕ್ಕಮಟ್ಟಿಗೆ ಮೆತ್ತಗೆ ಇಡುತ್ತದೆ. ಹತ್ತಿಯ ನೂಲು ಒಣಗಿದಾಗ ಇರುವುದಕ್ಕಿಂತ ತೇವಗೊಂಡಾಗ ಹೆಚ್ಚು ಗಟ್ಟಿ ಎಂಬುದು ವಿಜ್ಞಾನವು ಒಪ್ಪಿದ ಸಂಗತಿ. ಇದನ್ನೇ ಹಿಂದಿನ ನೇಕಾರನು ತನ್ನ ಅನುಭವದಿಂದ ಕಂಡುಕೊಂಡು, ನೆಲವನ್ನೇ ತನ್ನ ನೆರವಿಗೆ ಕರೆದುಕೊಂಡನು.

ಮಗ್ಗದ ಮನೆಯಲ್ಲಿ ಗಣಿತವಿಲ್ಲದೆ ಒಂದು ಹೆಜ್ಜೆಯೂ ಮುಂದೆ ಸಾಗದು. ನೂಲಿಗೆ ನಂಬರು ಇರುತ್ತದೆ. ಒಂದು ಪೌಂಡು, ಎಂದರೆ ಸುಮಾರು 454 ಗ್ರಾಂ ತೂಕದ ಹತ್ತಿಯ ನೂಲಿನಲ್ಲಿ 840 ಗಜ ಉದ್ದದ ಎಷ್ಟು ಲಡಿಗಳಾಗುತ್ತವೆಯೋ ಅದೇ ಆ ನೂಲಿನ ನಂಬರು. 80ನೆಯ ನಂಬರಿನ ನೂಲೆಂದರೆ ಒಂದು ಪೌಂಡಿಗೆ 80 ಲಡಿ. 80ನ್ನು 840ರಿಂದ ಗುಣಿಸಿದರೆ 67,200 ಗಜ. ಅದು 61 ಕಿಲೋಮೀಟರಿಗೂ ಹೆಚ್ಚಿನ ಉದ್ದ! ನಂಬರು ಹೆಚ್ಚಿದಂತೆ ನೂಲು ಸಣ್ಣದಾಗುತ್ತದೆ. ಮಗಳು ಶಾಲೆಯಲ್ಲಿ ಕಲಿತ ವಿಲೋಮಾನುಪಾತದ ಲೆಕ್ಕ ಅವಳ ಮನೆಯ ರಾಟೆಯ ಮೇಲೆಯೇ ಸುತ್ತಿಕೊಂಡಿದೆ.

ನೇಕಾರರ ಲೆಕ್ಕವು ಅಂದವನ್ನೂ ಹುಟ್ಟಿಸುತ್ತದೆ. ಇಳಕಲ್ಲ ಸೀರೆಯ ಸೆರಗಿನಲ್ಲಿ ಕೆಂಪಿನ ಮೂರು ಪಟ್ಟೆಗಳು, ಅವುಗಳ ನಡುವೆ ಬಿಳಿಯ ಎರಡು ಪಟ್ಟೆಗಳಿರುತ್ತವೆ. ಕೆಂಪು ಬಿಳುಪುಗಳು ಸೇರುವಲ್ಲಿ ಹಣಿಗೆಯ ಹಲ್ಲಿನಂತೆಯೋ, ಕೋಟೆಯ ತೆನೆಯಂತೆಯೋ, ಜೋಳದ ತೆನೆಯಂತೆಯೋ ಕಾಣುವ ವಿನ್ಯಾಸಗಳನ್ನು ನೇಯುತ್ತಾರೆ. ಇವುಗಳಲ್ಲಿ 'ತೋಪುತೆನೆ' ಬಹಳ ಹೆಸರಾದುದು. ಹೊಲದಲ್ಲಿ ಚಳಿಗೆ ತಲೆದೂಗುವ ತೆನೆಯೇ ಹೆಣ್ಣುಮಕ್ಕಳ ಸೆರಗಿನ ಮೇಲೆ ಬಂದು ನಿಂತಿದೆ. ಇಷ್ಟು ಎಳೆ ಕೆಂಪು, ಇಷ್ಟು ಎಳೆ ಬಿಳುಪು ಎಂಬ ಎಣಿಕೆ ಒಂದೇ ಒಂದು ತಪ್ಪಿದರೂ ತೆನೆಯ ಆಕಾರ ಕೆಡುತ್ತದೆ.

ಈ ಸೀರೆಯ ಮತ್ತೊಂದು ವೈಶಿಷ್ಟ್ಯವೆಂದರೆ ಕೊಂಡಿ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದು ಸೆರಗು ರೇಷ್ಮೆಯದಾಗಿರಬಹುದು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಹಾಕಿ ಜೋಡಿಸಬೇಕು. ಹೀಗೆ ಕೊಂಡಿ ಹಾಕಿದ ಹಾಸಿನಿಂದ ಒಂದೇ ಸೀರೆ ಬರುತ್ತದೆ. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಕೊಂಡಿ ಹಾಕಬೇಕು. ಈ ಕೆಲಸದಲ್ಲಿ ಆಯಿಯದು ಎತ್ತಿದ ಕೈ. ಕಣ್ಣು ಮಂಜಾಗಿದ್ದರೂ ಅವಳ ಬೆರಳುಗಳು ತಪ್ಪುವುದಿಲ್ಲ.

ಮಗಳಿಗೆ ಹದಿನಾಲ್ಕು ತುಂಬಿದೆ. ರಜೆಯ ದಿನ ಅವ್ವನ ಪಕ್ಕದಲ್ಲಿ ಕುಳಿತು ನೇಯ್ಗೆಯನ್ನು ಕಲಿಯುತ್ತಾಳೆ. ಒಂದು ದಿನ ಒಣಹವೆಗೆ ಎಳೆಗಳು ಮೇಲಿಂದ ಮೇಲೆ ಹರಿದವು. ಅವಳು ಬೇಸತ್ತು ಎಳೆಯನ್ನು ಬಲವಾಗಿ ಎಳೆದಳು. ಇನ್ನೂ ನಾಲ್ಕು ಎಳೆಗಳು ಹರಿದುಹೋದವು. ಅವ್ವ ಗದರಲಿಲ್ಲ. "ಹರಿದರ ಹರೀಲಿ ಮಗಳ. ಸಿಟ್ಟಿಲೆ ಜಗ್ಗಿದರ ಮತ್ತ ಹರಿತಾವ. ಕೈ ತಡದು, ತುದಿ ಹುಡುಕಿ, ಗಂಟು ಹಾಕು" ಎಂದಳು. ಮಗಳು ಉಸಿರು ಹಿಡಿದು ಒಂದೊಂದೇ ತುದಿಯನ್ನು ಹುಡುಕಿದಳು. ತಾಳ್ಮೆ ಎಂಬುದು ಉಪದೇಶದಿಂದ ಬರುವ ಗುಣವಲ್ಲ. ಹರಿದ ಎಳೆಯನ್ನು ಜೋಡಿಸಿ ಜೋಡಿಸಿ ಬರುವಂಥದು.

ಚಳಿಗಾಲದ ಹಬ್ಬಗಳೂ ಈ ಮನೆಯ ಪಾಠಗಳೇ. ಎಳ್ಳಮಾವಾಸ್ಯೆಯಂದು ಬಂಧುಗಳ ಹೊಲಕ್ಕೆ ಹೋಗಿ ಬೆಳೆಯ ನಡುವೆ ಚರಗ ಚೆಲ್ಲುತ್ತಾರೆ. ತೆನೆ ಹೊತ್ತ ಭೂಮಿತಾಯಿಗೆ ಬಸುರಿ ಹೆಣ್ಣುಮಗಳಿಗೆಂಬಂತೆ ಬಗೆಬಗೆಯ ಅಡಿಗೆಯನ್ನು ಉಣಿಸುವ ಹಬ್ಬವಿದು. ಅಲ್ಲಿ ಮಕ್ಕಳು ಜೋಳ, ಕಡಲೆ, ಕುಸುಬಿಗಳ ಗುರುತು ಹಿಡಿಯುತ್ತಾರೆ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿದ ಸೀತನಿಯ ಸವಿಯನ್ನು ನೋಡುತ್ತಾರೆ. ಸಂಕ್ರಾಂತಿಗೆ ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಜನ ನೆರೆಯುತ್ತಾರೆ. ಪುಷ್ಯಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬಳಿ ಬನಶಂಕರಿಯ ಜಾತ್ರೆ. ನೇಕಾರರಲ್ಲಿ ಅನೇಕ ಮನೆತನಗಳಿಗೆ ಬನಶಂಕರಿಯೇ ಕುಲದೇವತೆ. ತೇರು, ಅಂಗಡಿಸಾಲು, ರಾತ್ರಿಯೆಲ್ಲ ನಡೆಯುವ ಕಂಪನಿ ನಾಟಕಗಳು ಮಕ್ಕಳಿಗೆ ಇತಿಹಾಸ, ಪುರಾಣ, ಮಾತಿನ ಸೊಗಸುಗಳನ್ನು ಒಟ್ಟಿಗೆ ತಂದುಕೊಡುತ್ತವೆ.

ಹೀಗೆ ಮನೆಯ ವಿದ್ಯೆ ಬಹಳ ದೊಡ್ಡದು. ಹಾಗಾದರೆ ಅದೊಂದೇ ಸಾಲದೆ? ಶಾಲೆ ಏತಕ್ಕೆ ಬೇಕು? ಈ ಪ್ರಶ್ನೆಗೆ ಉತ್ತರವೂ ಅದೇ ಮನೆಯಲ್ಲಿ ದೊರೆಯುತ್ತದೆ.

ಬಹಳಷ್ಟು ನೇಕಾರರು ಸಾವಕಾರರಿಂದ ನೂಲನ್ನು ಪಡೆದು, ಸೀರೆಯನ್ನು ನೇಯ್ದು ಕೊಟ್ಟು, ಕೂಲಿಯನ್ನು ಪಡೆಯುತ್ತಾರೆ. ಕೊಟ್ಟ ನೂಲೆಷ್ಟು, ಮುಂಗಡ ಪಡೆದ ಹಣವೆಷ್ಟು, ಒಪ್ಪಿಸಿದ ಸೀರೆಗಳೆಷ್ಟು ಎಂಬುದೆಲ್ಲ ಒಂದು ಪುಸ್ತಕದಲ್ಲಿ ದಾಖಲಾಗುತ್ತದೆ. ಆಯಿ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಅವ್ವ ಮೂರನೆಯ ತರಗತಿಗೆ ಶಾಲೆ ಬಿಟ್ಟು ಕಂಡಿಕೆ ಸುತ್ತಲು ಕುಳಿತವಳು. ಸಾವಿರಾರು ಎಳೆಗಳನ್ನು ತಪ್ಪದೆ ಎಣಿಸಬಲ್ಲ ಅವರಿಬ್ಬರೂ ಆ ಪುಸ್ತಕದ ಮುಂದೆ ಮಾತ್ರ ಮೂಕರು. ಒಂದು ಸಂಜೆ ಮಗಳು ದೀಪದ ಬೆಳಕಿನಲ್ಲಿ ಅದನ್ನು ಬಿಡಿಸಿ ಓದಿದಳು. ಎರಡು ಸಲ ಕೂಡಿಸಿ ನೋಡಿದಳು.

"ಅವ್ವಾ, ಇದರಾಗ ಎರಡು ಸೀರಿ ಕೂಲಿ ಬರದಿಲ್ಲ" ಎಂದಳು.

ಮನೆಯಲ್ಲಿ ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ಬಳಿಕ ಆಯಿ, "ಹಿಂದ ಎಷ್ಟು ಹೋಗ್ಯಾವೋ ಏನೋ ಯವ್ವಾ, ಓದಾವರು ಯಾರಿದ್ದರು?" ಎಂದಳು. ಮರುದಿನ ಅಪ್ಪ ಪುಸ್ತಕವನ್ನು ಕೈಯಲ್ಲಿ ಹಿಡಿದು ಹೋಗಿ ಕೇಳಿದನು, ಲೆಕ್ಕ ಸರಿಯಾಯಿತು. ಬಿಟ್ಟುಹೋದದ್ದು ಮರೆವಿನಿಂದಲೇ ಇರಬಹುದು. ಆದರೆ ಓದಬಲ್ಲವರು ಮನೆಯಲ್ಲಿ ಇಲ್ಲದಿದ್ದರೆ ಆ ಮರೆವನ್ನು ತಿದ್ದುವವರು ಯಾರು? ಅಂದಿನಿಂದ ಅವ್ವ ಒಂದು ನಿಯಮ ಮಾಡಿದಳು: ಶಾಲೆಯ ಪಾಠ ಮುಗಿಯುವವರೆಗೆ ಮಗಳು ಮಗ್ಗದ ಹತ್ತಿರ ಸುಳಿಯಕೂಡದು.

ಮನೆಯ ವಿದ್ಯೆಯನ್ನು ಹೊಗಳಿದ ಹಿರಿಯರು ಅನೇಕರಿದ್ದಾರೆ. ಕನ್ನಡದ ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತು ಬಾಳನ್ನು ಅರಿತವನು. 1861ರಲ್ಲಿ ಜನಿಸಿದ ರವೀಂದ್ರನಾಥ ಠಾಕೂರರಿಗೆ ಶಾಲೆ ಹಿಡಿಸಲಿಲ್ಲ. ಅವರ ಓದು ಹೆಚ್ಚಾಗಿ ಮನೆಯಲ್ಲಿಯೇ ನಡೆಯಿತು. ಮುಂದೆ 1901ರಲ್ಲಿ ಅವರೇ ಶಾಂತಿನಿಕೇತನದಲ್ಲಿ ಮರಗಳ ನೆರಳಿನ ಶಾಲೆಯನ್ನು ತೆರೆದರು. ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ, 1936ರಲ್ಲಿ 'ಬಾಲಪ್ರಪಂಚ'ವನ್ನು ಹೊರತಂದ ಶಿವರಾಮ ಕಾರಂತರು ತಮ್ಮ ಮಕ್ಕಳಿಗೆ ಎಳವೆಯಲ್ಲಿ ಮನೆಯನ್ನೂ ಪ್ರಕೃತಿಯನ್ನೂ ಪಾಠಶಾಲೆಯನ್ನಾಗಿ ಮಾಡಿದರು. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ನೂಲುವುದು, ನೇಯುವುದು ಮೊದಲಾದ ಕೈಕಸುಬುಗಳ ಮೂಲಕವೇ ಶಿಕ್ಷಣವನ್ನು ಕೊಡಬೇಕೆಂಬ ವಿಚಾರವನ್ನು ಮುಂದಿಟ್ಟರು. ಇಂದಿಗೂ ಕೆಲವು ಕುಟುಂಬಗಳು ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳುವುದುಂಟು. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ, ದಿನವೂ ಶಾಲೆಗೆ ಹೋಗದವರೂ ಪರೀಕ್ಷೆಗೆ ಕೂಡಲು ಅವಕಾಶವಾಯಿತು.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಠಾಕೂರರ ಮನೆಯಲ್ಲಿ ಪುಸ್ತಕಗಳಿದ್ದವು, ಗುರುಗಳು ಮನೆಗೇ ಬರುತ್ತಿದ್ದರು. ಕಾರಂತರ ಮಕ್ಕಳಿಗೆ ಕಾರಂತರೇ ತಂದೆ. ಅಲ್ಲಿ ಮನೆಯಲ್ಲಿ ಕಲಿಯುವುದು ಆಯ್ಕೆಯಾಗಿತ್ತು. ನೇಕಾರರ ಮನೆಯ ಅವ್ವನಿಗೆ ಅದು ಆಯ್ಕೆಯಾಗಿರಲಿಲ್ಲ, ಬಡತನದ ಒತ್ತಾಯವಾಗಿತ್ತು. ಮಗುವು ಕಲಿಯುವುದಕ್ಕಾಗಿ ಕಂಡಿಕೆ ಸುತ್ತಿದರೆ ಅದು ವಿದ್ಯೆ. ಮನೆಯವರ ಹೊಟ್ಟೆ ತುಂಬುವುದಕ್ಕಾಗಿ ದಿನವಿಡೀ ಸುತ್ತಬೇಕಾಗಿ ಬಂದರೆ ಅದು ದುಡಿಮೆ. ಆದುದರಿಂದಲೇ 2002ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಲಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹದಿನಾಲ್ಕು ತುಂಬದ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ನೇಮಿಸಿಕೊಳ್ಳುವುದನ್ನು 2016ರ ತಿದ್ದುಪಡಿ ನಿಷೇಧಿಸಿತು. ಆ ಮನೆಯ ಪುಟ್ಟ ತಮ್ಮನಿಗೆ ಮಗ್ಗವೆಂದರೆ ಕುತೂಹಲದಿಂದ ನೋಡುವ ವಸ್ತು, ಅಷ್ಟೆ. ಅವನ ಕೆಲಸ ಓದುವುದು, ಆಡುವುದು.

ಇನ್ನೊಂದು ಬದಿಯ ಕಷ್ಟವೂ ಇದೆ. ಮಕ್ಕಳು ಶಾಲೆ ಕಲಿತು ಬೇರೆ ಬೇರೆ ಉದ್ಯೋಗಗಳಿಗೆ ಹೋದಂತೆ ಮಗ್ಗಗಳು ಬರಿದಾಗುತ್ತಿವೆ. ಕಡಿಮೆ ಬೆಲೆಗೆ ಸಿಗುವ ವಿದ್ಯುನ್ಮಗ್ಗದ ಸೀರೆಗಳೊಡನೆ ಕೈಮಗ್ಗವು ಪೈಪೋಟಿ ನಡೆಸಲಾರದು. 2009–10ರ ಗಣತಿಯಲ್ಲಿ ದೇಶದ ಕೈಮಗ್ಗ ಕೆಲಸಗಾರರ ಸಂಖ್ಯೆ 43.31 ಲಕ್ಷವಿತ್ತು, 2019–20ರ ಗಣತಿಯಲ್ಲಿ ಅದು 35.22 ಲಕ್ಷಕ್ಕೆ ಇಳಿಯಿತು. ಇವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಹೆಂಗಸರು. ಇಳಕಲ್ಲ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆ ಮಾನ್ಯತೆ ಸೀರೆಯ ಹೆಸರನ್ನು ಕಾಪಾಡಬಲ್ಲದು. ಕೊಂಡಿ ಹಾಕುವ ಬೆರಳುಗಳನ್ನು ಹುಟ್ಟಿಸಲಾರದು. ಗಂಜಿಯ ಹದ, ತೆನೆಯ ಎಣಿಕೆ, ಕೊಂಡಿಯ ಕುಣಿಕೆ ಇವು ಯಾವ ಪುಸ್ತಕದಲ್ಲಿಯೂ ಪೂರ್ಣವಾಗಿ ಇಳಿದು ಬಂದಿಲ್ಲ. ಒಂದು ತಲೆಮಾರು ಕಲಿಯದೆ ಹೋದರೆ ಅವು ಅಲ್ಲಿಗೇ ಮುಗಿದಂತೆ.

ಅವ್ವನ ಮನಸ್ಸಿನಲ್ಲಿ ಈ ಎರಡು ಚಿಂತೆಗಳೂ ಇವೆ. ಮಗಳು ತನ್ನಂತೆ ಕುಣಿಯೊಳಗೇ ಉಳಿಯಬಾರದು; ಆದರೆ ಆಯಿಯ ಕೈಯ ವಿದ್ಯೆಯೂ ಆಯಿಯೊಡನೆ ಹೋಗಬಾರದು. ಹೀಗಾಗಿ ಚಳಿಗಾಲದ ದೀರ್ಘವಾದ ರಾತ್ರಿಗಳಲ್ಲಿ ಆ ಮನೆಯಲ್ಲಿ ಎರಡು ಪಾಠಗಳು ನಡೆಯುತ್ತವೆ. ಊಟವಾದ ಮೇಲೆ ಮಗಳು ಕಂಬಳಿ ಹೊದ್ದು ಪಾಠವನ್ನು ಗಟ್ಟಿಯಾಗಿ ಓದುತ್ತಾಳೆ, ಆಯಿ ಕೇಳುತ್ತಾಳೆ. ಓದು ಮುಗಿದ ಬಳಿಕ ಆಯಿ ಎಳೆಗಳ ಎಣಿಕೆಯನ್ನು ಬಾಯಲ್ಲಿ ಹೇಳುತ್ತಾಳೆ. ಮಗಳು ಚೌಕುಳಿ ಹಾಳೆಯ ಮೇಲೆ ಒಂದೊಂದು ಎಳೆಗೆ ಒಂದೊಂದು ಮನೆಯಂತೆ ತುಂಬಿ ತೋಪುತೆನೆಯನ್ನು ಬರೆದುಕೊಳ್ಳುತ್ತಾಳೆ. ಆಯಿಯ ಬೆರಳಿನಲ್ಲಿದ್ದದ್ದು ಮೊಟ್ಟಮೊದಲ ಸಲ ಕಾಗದಕ್ಕೆ ಇಳಿಯುತ್ತದೆ. ಮನೆಯ ವಿದ್ಯೆಯಿಲ್ಲದಿದ್ದರೆ ಆ ಹಾಳೆಯ ಮೇಲೆ ಬರೆಯಲು ಏನೂ ಇರುತ್ತಿರಲಿಲ್ಲ. ಶಾಲೆಯ ವಿದ್ಯೆಯಿಲ್ಲದಿದ್ದರೆ ಬರೆಯಲು ಆಗುತ್ತಲೇ ಇರಲಿಲ್ಲ.

ಒಡಲಿನ ಹತ್ತಿಗೂ ಸೆರಗಿನ ರೇಷ್ಮೆಗೂ ಕೊಂಡಿ ಹಾಕಿದಾಗಲೇ ಇಳಕಲ್ಲ ಸೀರೆ ಪೂರ್ಣವಾಗುತ್ತದೆ. ಮನೆಯ ಅರಿವು ಮತ್ತು ಶಾಲೆಯ ಅರಿವುಗಳ ಸಂಬಂಧವೂ ಇಂಥದೇ. ಒಂದನ್ನು ಇನ್ನೊಂದಕ್ಕೆ ಬಲಿಗೊಡಬೇಕಾಗಿಲ್ಲ. ಎರಡನ್ನೂ ಎಳೆ ಎಳೆಯಾಗಿ ಜೋಡಿಸಬೇಕು. ಆ ಜೋಡಿಸುವ ಕೆಲಸವನ್ನು ತಾಯಿಯೊಬ್ಬಳೇ ಮಾಡಲಾರಳು, ಗುರುವೊಬ್ಬನೇ ಮಾಡಲಾರನು. ಎರಡು ಕಡೆಯ ಎಳೆಗಳನ್ನೂ ಕೈಯಲ್ಲಿ ಹಿಡಿದಿರುವವನು ವಿದ್ಯಾರ್ಥಿ. ಕೊಂಡಿ ಹಾಕಬೇಕಾದವನೂ ಅವನೇ.